ಮಗಳು 400 ಮೀಟರ್ ಓಡುತ್ತಾಳೆ, ಪಿಯುಸಿ ಮುಗಿಯಿತು. ಯಾವ ಕಾಲೇಜಿಗೆ ಸೇರಿಸಲಿ?

ಬೀಜದಂಗಡಿ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮದು ರಾಣೆಬೆನ್ನೂರು ಕಡೆ, ಬಿತ್ತನೆ ಬೀಜದ ಅಂಗಡಿ ಇದೆ. ಮಗಳಿಗೆ ಸೆಕೆಂಡ್ ಪಿಯುಸಿ ಸೈನ್ಸ್‌ನಲ್ಲಿ 81% ಬಂದಿದೆ. ಎಂಟನೇ ಕ್ಲಾಸಿನಿಂದ ಓಡುತ್ತಿದ್ದಾಳೆ, 400 ಮೀಟರ್. ಹೈಸ್ಕೂಲ್ ಮೈದಾನದಲ್ಲೇ ಅಭ್ಯಾಸ. ಸುಣ್ಣದ ಗೆರೆ ನಾನೇ ಹಾಕಿಕೊಡುತ್ತೇನೆ, ಒಂದು ಮಳೆ ಬಿದ್ದರೆ ಮುಗಿಯಿತು, ಮತ್ತೆ ಮೊದಲಿಂದ. ಈ ವರ್ಷ ರಾಜ್ಯಮಟ್ಟದಲ್ಲಿ ಮೂರನೆಯವಳಾಗಿ ಬಂದಳು, ಟೈಮಿಂಗ್ 58.6 ಸೆಕೆಂಡ್.

ಈಗ ಮೂರು ದಾರಿ ಕಾಣುತ್ತಿವೆ. ಸಿಇಟಿ ಬರೆದಿದ್ದಾಳೆ, ದಾವಣಗೆರೆ ಇಲ್ಲ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಗಬಹುದು. ಕರಾವಳಿಯ ಒಂದು ಕಾಲೇಜಿನವರು ಬಿಎಸ್ಸಿಗೆ ಬನ್ನಿ, ಫೀಸು, ಹಾಸ್ಟೆಲ್, ಊಟ ಎಲ್ಲ ನಮ್ಮದೇ, ಟ್ರ್ಯಾಕ್ ಇದೆ, ಕೋಚ್ ಇದ್ದಾರೆ ಅಂದಿದ್ದಾರೆ. ಬೆಂಗಳೂರಿನ ಒಂದು ಖಾಸಗಿ ಯೂನಿವರ್ಸಿಟಿ ಬಿಬಿಎಗೆ ಅರ್ಧ ಫೀಸು ಬಿಡುತ್ತೇವೆ ಅಂತಿದೆ. ಹೆಂಡತಿ ಎಂಜಿನಿಯರಿಂಗ್ ಅಂತಾಳೆ. ಪಿಟಿ ಮೇಷ್ಟ್ರು ಕರಾವಳಿ ಅಂತಾರೆ. ನಮ್ಮ ಭಾವ ಮಾತ್ರ "ಓಡಿ ಏನು ಮಾಡುತ್ತಾಳೆ, ಬಸ್ ಹಿಡಿಯಲಿಕ್ಕಾ" ಅಂತ ನಗುತ್ತಾರೆ. ಓದೂ ಇರಬೇಕು, ಓಟವೂ ಇರಬೇಕು, ಆಮೇಲೆ ಒಂದು ಕೆಲಸವೂ ಸಿಗಬೇಕು. ಆಸೆ ಜಾಸ್ತಿಯಾಯಿತಾ?

ತುಳುನಾಡ ಪೋರ

ಇಷ್ಟಕ್ಕೆಲ್ಲ ಯೋಚನೆ ಯಾಕೆ ಸರ್, ಸೀದಾ ಮೂಡುಬಿದಿರೆ ಆಳ್ವಾಸ್‌ಗೆ ಹಾಕಿ. ಅಥ್ಲೆಟಿಕ್ಸ್ ಅಂದರೆ ಅದೇ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಮ್ಮ ಸ್ವರಾಜ್ ಮೈದಾನದಲ್ಲೇ ಆಯಿತು.

ಲೇನ್ ನಾಲ್ಕು

ಆಸೆ ಜಾಸ್ತಿಯೇನಲ್ಲ ಸರ್. ನಾನೂ 400 ಹರ್ಡಲ್ಸ್ ಓಡುತ್ತಿದ್ದವನು, ಈಗ ಕ್ರೀಡಾ ಕೋಟಾದಲ್ಲೇ ರೈಲ್ವೆಯಲ್ಲಿದ್ದೇನೆ. ಕೆಲಸದ ಕಡೆಯಿಂದ ಹೇಳುತ್ತೇನೆ, ಯಾಕಂದರೆ ಕಾಲೇಜಿನವರು ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ 5% ತನಕ ಕ್ರೀಡಾಪಟುಗಳನ್ನು ತೆಗೆದುಕೊಳ್ಳಬಹುದು. ಅದಕ್ಕೆ ಎಲ್ಲ ಸರ್ಟಿಫಿಕೇಟೂ ನಡೆಯುವುದಿಲ್ಲ. ಮನೆ ತುಂಬ ದಸರಾ ಕ್ರೀಡಾಕೂಟದ ಕಪ್ ಇಟ್ಟುಕೊಂಡವರನ್ನು ನೋಡಿದ್ದೇನೆ, ಅರ್ಜಿ ಹಾಕುವ ದಿನ ಕೈ ಖಾಲಿ. ವಿಶ್ವವಿದ್ಯಾಲಯದ ಪರವಾಗಿ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಓಡಿದ್ದಕ್ಕೆ ಫಾರಂ 3 ಅಂತ ಒಂದು ನಮೂನೆ ಇದೆ. ರಾಜ್ಯದ ಪರವಾಗಿ ನ್ಯಾಷನಲ್ಸ್ ಓಡಿದ್ದರೆ ಫಾರಂ 2. ಇವನ್ನು ಆ ವರ್ಷವೇ ಸಹಿ ಮಾಡಿಸಿ ಇಟ್ಟುಕೊಳ್ಳಬೇಕು. ನಾನು ಮೂರು ವರ್ಷ ಬಿಟ್ಟು ಯೂನಿವರ್ಸಿಟಿಗೆ ಹೋದೆ. ಹಳೇ ಡೈರೆಕ್ಟರ್ ನಿವೃತ್ತಿಯಾಗಿದ್ದರು, ಬೀರುವಿನ ಬೀಗದಕೈ ಯಾರ ಹತ್ತಿರ ಇದೆ ಅಂತಲೇ ಗೊತ್ತಿಲ್ಲ. ಆ ಒಂದು ಸಹಿಗೆ ನಾಲ್ಕು ಸಲ ಓಡಾಡಿದೆ.

ರೈಲ್ವೆಯಲ್ಲಿ ನನಗೆ ಮಾರ್ಕ್ಸ್ ಹಾಕಿದ ರೀತಿ ಕೇಳಿ: ಕ್ರೀಡಾ ಸಾಧನೆಗೆ 50, ಟ್ರಯಲ್‌ಗೆ 40, ಓದಿಗೆ 10. ಅದನ್ನು ನೋಡಿ ಓದು ಬೇಡ ಅಂದುಕೊಳ್ಳಬೇಡಿ. ಒಳಗೆ ಬಂದ ಮೇಲೆ ಇಲಾಖೆ ಪರೀಕ್ಷೆ ಬರೆದು ಮೇಲೆ ಹೋಗುವುದು ಓದಿಕೊಂಡವರೇ. ನನ್ನ ಜೊತೆ ಸೇರಿದವನೊಬ್ಬ ನನಗಿಂತ ಚೆನ್ನಾಗಿ ಓಡುತ್ತಿದ್ದ, ಇವತ್ತಿಗೂ ಅದೇ ಕುರ್ಚಿಯಲ್ಲಿದ್ದಾನೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆ 58.6 ಸ್ಟಾಪ್‌ವಾಚ್‌ದಾ, ಎಲೆಕ್ಟ್ರಾನಿಕ್ಕಾ? ಕೈಯಲ್ಲಿ ಹಿಡಿದದ್ದಾದರೆ 400ಕ್ಕೆ ಇನ್ನೊಂದು 0.14 ಸೆಕೆಂಡ್ ಸೇರಿಸಿ ನೋಡಬೇಕು. ಯೂನಿವರ್ಸಿಟಿ ಮಟ್ಟದ ಮೆಡಲ್‌ಗೆ ಇನ್ನೂ ಮೂರ್ನಾಲ್ಕು ಸೆಕೆಂಡ್ ಇಳಿಯಬೇಕು. ಮಣ್ಣಿನ ಮೈದಾನದಲ್ಲಿ, ಕೋಚ್ ಇಲ್ಲದೆ 58 ಓಡಿದ ಹುಡುಗಿ ಇಳಿಸುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ದಿನಾ ಪಕ್ಕದಲ್ಲಿ ನಿಲ್ಲುವ ಕೋಚ್ ಬೇಕು.

ಬ್ಯಾಕ್‌ಲಾಗ್ ಭಟ್ಟ

ಎಂಜಿನಿಯರಿಂಗ್ ಪರವಾಗಿ ಒಬ್ಬನಾದರೂ ಮಾತಾಡಬೇಕಲ್ವಾ, ಅದಕ್ಕೆ ಬಂದೆ. ವಿಟಿಯು, ಅಂದರೆ ನಮ್ಮ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಇಸಿ (ಎಲೆಕ್ಟ್ರಾನಿಕ್ಸ್) ಮಾಡಿದೆ, ಲಾಂಗ್‌ಜಂಪ್‌ನಲ್ಲಿ ವಿಟಿಯು ತಂಡದಲ್ಲೂ ಇದ್ದೆ. ಸ್ಪರ್ಧೆ ಕಡಿಮೆ ಇರುವುದರಿಂದ ತಂಡಕ್ಕೆ ಸೇರುವುದು ಸುಲಭ. ಲೇನ್ ನಾಲ್ಕು ಅಣ್ಣ ಹೇಳಿದ ಫಾರಂ 3 ಇದರಲ್ಲೂ ಸಿಗುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಷ್ಟವೂ ಇದೆ. ಹಾಜರಾತಿ 85% ಬೇಕು, ಪ್ರಿನ್ಸಿಪಾಲ್ ಮನಸ್ಸು ಮಾಡಿದರೆ 10% ಬಿಡಬಹುದು, ಅಷ್ಟೇ. ಲ್ಯಾಬ್ ಮಧ್ಯಾಹ್ನ ಶುರುವಾದರೆ ಮುಗಿಯುವುದು ನಾಲ್ಕೂವರೆಗೆ, ಬಸ್ ಹತ್ತಿ ಸ್ಟೇಡಿಯಂ ತಲುಪುವಷ್ಟರಲ್ಲಿ ಕತ್ತಲೆ. ಲಾಂಗ್‌ಜಂಪಿಗೆ ವಾರಕ್ಕೆ ಮೂರು ದಿನ ಸಾಕು ಅಂತ ನನಗೆ ನಾನೇ ಹೇಳಿಕೊಂಡೆ, 400ಕ್ಕೆ ಹಾಗೆ ನಡೆಯುವುದಿಲ್ಲ. ಕೊನೆಗೆ ಮೂರನೇ ಸೆಮ್‌ನಲ್ಲಿ ಕ್ರೀಡಾಕೂಟವೂ ಇಂಟರ್ನಲ್ಸೂ ಒಂದೇ ವಾರ ಬಂದು ಎರಡು ಸಬ್ಜೆಕ್ಟ್ ಹೋಯಿತು. ಹೆಸರು ಸುಮ್ನೆ ಬಂದಿಲ್ಲ ನನಗೆ.

ಯಾರಾದರೂ ಬಂದು ಅನಿಲ್ ಕುಂಬ್ಳೆ ಆರ್‌ವಿಯಲ್ಲಿ ಮೆಕ್ಯಾನಿಕಲ್ ಮಾಡಲಿಲ್ವಾ, ಶ್ರೀನಾಥ್ ಮೈಸೂರು ಎಸ್‌ಜೆಸಿಇ ಅಲ್ವಾ ಅಂತ ಹೇಳಿಯೇ ಹೇಳುತ್ತಾರೆ. ನಿಜವೇ. ಆದರೆ ಅವರಿಗೆ ಕಾಲೇಜು ಕ್ರಿಕೆಟ್ ಕಲಿಸಲಿಲ್ಲ, ಕ್ಲಬ್ ಇತ್ತು, ರಾಜ್ಯ ಸಂಸ್ಥೆ ಇತ್ತು. ನಮ್ಮ ಅಥ್ಲೆಟಿಕ್ಸ್‌ನಲ್ಲಿ ಆ ಏಣಿ ಎಷ್ಟು ಊರಲ್ಲಿದೆ ಹೇಳಿ?

ಮಂಡಿಚಿಪ್ಪು

ಅಣ್ಣಾ, ನಾನು ನಿಮ್ಮ ಮಗಳ ಹಾಗೆಯೇ ಹೋದವಳು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಕಾಲೇಜಿನ ಹೆಸರು ಬೇಡ.

ಎಲ್ಲ ಫ್ರೀ ಅಂತಲೇ ಸೇರಿಸಿಕೊಂಡರು. ಮೊದಲ ವರ್ಷ ಸ್ವರ್ಗ. ಬೆಳಗ್ಗೆ ಐದೂಕಾಲಿಗೆ ಶಿಳ್ಳೆ, ಆರಕ್ಕೆ ಟ್ರ್ಯಾಕ್, ಎಂಟಕ್ಕೆ ಎರಡು ಮೊಟ್ಟೆ, ಒಂದು ಲೋಟ ಹಾಲು. ಎರಡನೇ ವರ್ಷ ನವೆಂಬರ್‌ನಲ್ಲಿ ರಿಲೇ ಅಭ್ಯಾಸದಲ್ಲಿ ಬ್ಯಾಟನ್ ಕೊಡುವಾಗ ಎಡಮಂಡಿ ತಿರುಚಿಕೊಂಡಿತು. ಲಿಗಮೆಂಟ್. ಆಪರೇಷನ್ ಖರ್ಚು ಅಪ್ಪನೇ ಹಾಕಿದರು. ಊರಿಂದ ವಾಪಸ್ ಬಂದಾಗ ಕ್ರೀಡಾ ಹಾಸ್ಟೆಲ್‌ನಲ್ಲಿ ನನ್ನ ಮಂಚದ ಮೇಲೆ ಬೇರೆ ಹುಡುಗಿಯ ಟ್ರಂಕ್ ಇತ್ತು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, "ಈ ವರ್ಷ ಪರ್ಫಾರ್ಮೆನ್ಸ್ ಇಲ್ಲವಲ್ಲಮ್ಮ" ಅಂದರು. ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಪ್ರತಿ ವರ್ಷ ಸಾಧನೆ ನೋಡಿ ಮುಂದುವರಿಸಲಾಗುವುದು ಅಂತ ಇತ್ತಂತೆ. ಓದಿದವರು ಯಾರು? ಉಳಿದ ಒಂದೂವರೆ ವರ್ಷದ ಫೀಸು ಕಟ್ಟಿಯೇ ಮುಗಿಸಿದೆ.

ಎಲ್ಲ ಕಡೆ ಹೀಗೆ ಅಂತ ಹೇಳುತ್ತಿಲ್ಲ. ನನ್ನ ಗೆಳತಿಗೆ ಬೇರೆ ಕಾಲೇಜಿನಲ್ಲಿ ಕಾಲು ಮುರಿದಾಗ ಫಿಸಿಯೋ ಇಟ್ಟು, ಡಿಗ್ರಿ ಮುಗಿಯುವ ತನಕ ನೋಡಿಕೊಂಡರು. ಆ ಕಾಗದ ಕೈಗೆ ತೆಗೆದುಕೊಂಡು ಓದಿ. ಪೆಟ್ಟಾದರೆ ಏನು ಅಂತ ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಿ ಅನ್ನಿ. ಆಫೀಸಿನಲ್ಲಿ ಕೇಳಬೇಡಿ, ಸಂಜೆ ಟ್ರ್ಯಾಕ್ ಹತ್ತಿರ ಹೋಗಿ ಫೈನಲ್ ಇಯರ್ ಹುಡುಗಿಯರನ್ನು ಕೇಳಿ, ನಿಮ್ಮ ಜೊತೆ ಸೇರಿದವರು ಎಷ್ಟು ಜನ, ಈಗ ಎಷ್ಟು ಜನ ಉಳಿದಿದ್ದೀರಿ ಅಂತ. ನಿಮ್ಮ ಎದುರು ಹೇಳಲಿಕ್ಕಿಲ್ಲ, ಮಗಳನ್ನು ಒಬ್ಬಳನ್ನೇ ಬಿಡಿ.

ನಿವೃತ್ತ ಪಿಡಿ

ಮಂಡಿಚಿಪ್ಪು ಅವರ ಮಾತು ನೂರಕ್ಕೆ ನೂರು. 28 ವರ್ಷ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದೆ.

ಬೆಂಗಳೂರಿನ ಬಗ್ಗೆ ಯಾರೂ ಬರೆದಿಲ್ಲ. ಕಂಠೀರವ ಸ್ಟೇಡಿಯಂ ಇದೆ, ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇದೆ, ಕೋಚ್‌ಗಳಿದ್ದಾರೆ. ಆದರೆ ಯೂನಿವರ್ಸಿಟಿಯ ಒಟ್ಟು ಮೆಡಲ್ ಲೆಕ್ಕ ನೋಡಿ ಮರುಳಾಗಬೇಡಿ. 2022ರಲ್ಲಿ ಬೆಂಗಳೂರಿನ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ನಲ್ಲಿ ಜೈನ್ ಯೂನಿವರ್ಸಿಟಿ ಚಾಂಪಿಯನ್ ಆಯಿತು, ಒಳ್ಳೆಯ ಸಾಧನೆಯೇ. ಅದರಲ್ಲಿ ಏಳು ಚಿನ್ನ ಶಿವ ಶ್ರೀಧರ್ ಎಂಬ ಒಬ್ಬನೇ ಈಜುಗಾರನದ್ದು. ಓಡುವ ಹುಡುಗಿಗೆ ಈಜುಕೊಳದಿಂದ ಏನಾಗಬೇಕು? ಅಲ್ಲಿ 400 ಓಡುವವರು ಎಷ್ಟು ಜನ, ಅವರ ಟೈಮಿಂಗ್ ಮೊದಲ ವರ್ಷ ಎಷ್ಟಿತ್ತು, ಮೂರನೇ ವರ್ಷ ಎಷ್ಟಾಯಿತು, ಅದನ್ನು ಕೇಳಿ. ಮೊದಲೇ 54 ಓಡುವವರನ್ನು ಕರೆತಂದು ಮೆಡಲ್ ತೆಗೆಸುವುದು ಬೇರೆ, 58ರವಳನ್ನು 54ಕ್ಕೆ ತರುವುದು ಬೇರೆ ಕಣ್ರೀ.

ಡಿಗ್ರಿ ಅಂದರೆ ಕಡಿಮೆ ಅಂತ ನಿಮ್ಮ ಮನೆಯವರು ತಿಳಿಯುವುದು ಬೇಡ. ಗುರುರಾಜ ಪೂಜಾರಿ ಗೊತ್ತಲ್ಲ, ಕುಂದಾಪುರ ಕಡೆಯ ಲಾರಿ ಚಾಲಕರ ಮಗ. ಕುಸ್ತಿಯ ಹುಚ್ಚಿದ್ದ ಹುಡುಗ ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದ ಮೇಲೆ ಭಾರ ಎತ್ತಲು ಶುರು ಮಾಡಿದ. ವಾಯುಪಡೆಯಲ್ಲಿ ಕೆಲಸ ಸಿಕ್ಕಿತು, 2018ರ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, 2022ರಲ್ಲಿ ಕಂಚು. ಎಲ್ಲರೂ ಗುರುರಾಜ ಆಗುವುದಿಲ್ಲ, ಗೊತ್ತು. ಆಗದವರಿಗೆ ಬಿಎಸ್ಸಿ ಇರುತ್ತದೆ. ಡಿಗ್ರಿ ಈಗ ಮತ್ತೆ ಮೂರೇ ವರ್ಷ. ಆಮೇಲೆ ಎಂಎಸ್ಸಿ ಮಾಡಲಿ, ದೈಹಿಕ ಶಿಕ್ಷಣದಲ್ಲಿ ಎರಡು ವರ್ಷದ ಬಿಪಿಎಡ್ ಮಾಡಲಿ, ಎನ್‌ಐಎಸ್ ಕೋಚಿಂಗ್ ಡಿಪ್ಲೊಮಾ ಮಾಡಿ ಕೋಚ್ ಆಗಲಿ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ 25 ವಯಸ್ಸಿನ ತನಕ ಅವಕಾಶ ಇದೆ, ಪಿಜಿ ಸೇರಿದರೆ ಓಟವೂ ಮುಂದುವರಿಯುತ್ತದೆ.

ನನಗೆ ಕೇಳಿದರೆ ಕರಾವಳಿಯೇ. ಕಾಗದ ಓದಿದ ಮೇಲೆ.

ಬ್ಯಾಕ್‌ಲಾಗ್ ಭಟ್ಟ

ಒಂದು ಸಣ್ಣ ಪ್ರಶ್ನೆ ಸರ್. ಮಗಳು ಏನಂತಾಳೆ? ಹೆಂಡತಿ, ಮೇಷ್ಟ್ರು, ಭಾವ ಎಲ್ಲರ ಮಾತೂ ಬರೆದಿದ್ದೀರಿ, ಅವಳದ್ದೇ ಇಲ್ಲ.

ಬೀಜದಂಗಡಿ ಅಪ್ಪ

ಭಟ್ಟರೇ, ನಿಮ್ಮ ಪ್ರಶ್ನೆ ನೋಡಿ ನಾಚಿಕೆಯಾಯಿತು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ರೊಟ್ಟಿ ಮುರಿಯುತ್ತಾ ತಲೆ ಎತ್ತದೆ ಹೇಳಿದಳು, "ಅಪ್ಪಾ, ನನಗೆ ಫಿಸಿಕ್ಸ್ ಇಷ್ಟ, ಆದರೆ ಎಂಜಿನಿಯರಿಂಗ್ ಅಂತ ನಾನು ಯಾವತ್ತೂ ಅಂದಿಲ್ಲ." ಸಿಇಟಿ ಅರ್ಜಿ ತುಂಬಿದ್ದು ನಾನೇ. ಅವಳಮ್ಮ ಏನೂ ಮಾತಾಡಲಿಲ್ಲ, ಇನ್ನೊಂದು ರೊಟ್ಟಿ ಹಾಕಿದಳು. ನಮ್ಮ ಮನೆಯಲ್ಲಿ ಅದು ಅರ್ಧ ಒಪ್ಪಿಗೆ.

ಟೈಮಿಂಗ್ ಬಗ್ಗೆ ಕೇಳಿದ್ದಿರಿ, ಸ್ಟಾಪ್‌ವಾಚ್‌ದೇ. ಅವಳಿಗೆ ಹೇಳಿದರೆ "ಗೊತ್ತು, 58.74 ಅಂತಲೇ ಡೈರಿಯಲ್ಲಿ ಬರೆದುಕೊಂಡಿದ್ದೇನೆ" ಅಂದಳು.

ಸೋಮವಾರ ಕರಾವಳಿಗೆ ಹೋಗುತ್ತಿದ್ದೇವೆ. ಕಾಗದದ ಪ್ರತಿ ಮೊದಲೇ ಕಳಿಸಿ ಅಂತ ಕೇಳಿದ್ದೇನೆ, ಬನ್ನಿ ನೋಡೋಣ ಅಂದಿದ್ದಾರೆ. ಬೆಳಗ್ಗೆ ಆರಕ್ಕೆಲ್ಲ ಟ್ರ್ಯಾಕ್ ಹತ್ತಿರ ಇರಬೇಕು ಅಂತ ಯೋಚನೆ, ಯಾರು ಯಾರಿಗೆ ಕಲಿಸುತ್ತಾರೆ ಅಂತ ಕಣ್ಣಾರೆ ನೋಡಬೇಕಲ್ಲ. ರಾಣೆಬೆನ್ನೂರಿನಿಂದ ಮಂಗಳೂರಿಗೆ ರಾತ್ರಿ ಹೊತ್ತು ನೇರ ಬಸ್ ಇದ್ದರೆ ಯಾರಾದರೂ ಹೇಳಿ.