3 ನಿರ್ದೇಶಕ ಸ್ಥಾನಕ್ಕೆ ಪ್ರಾಶಸ್ತ್ಯ ಮತ ಎಣಿಸಿದವರು ಇದ್ದೀರಾ?

ನಮ್ಮ ಸಂಘದ ಮಂಡಳಿಗೆ 3 ಸ್ಥಾನ, 8 ಅಭ್ಯರ್ಥಿಗಳು. 1, 2, 3 ಅಂತ ಪ್ರಾಶಸ್ತ್ಯ ಬರೆಯುವ ಬ್ಯಾಲೆಟ್. ಕೈಯಲ್ಲೇ ಎಣಿಸುವುದೋ, ಕಂಪ್ಯೂಟರಿನಲ್ಲೋ? ಅನುಭವ ಇದ್ದವರು ಹೇಳಿ.

ಹಳೇ ಕಾರ್ಯದರ್ಶಿ: ನಮ್ಮಲ್ಲೂ 3 ಸ್ಥಾನ ಇತ್ತು. 119 ಸಿಂಧು ಮತ, ಸ್ಥಾನಕ್ಕಿಂತ ಒಂದು ಹೆಚ್ಚು ಅಂದರೆ 4ರಿಂದ ಭಾಗಿಸಿ, ಭಿನ್ನ ಬಿಟ್ಟು 1 ಕೂಡಿಸಿದರೆ ಕೋಟಾ (ಗೆಲ್ಲಲು ಬೇಕಾದ ಮತ) 30. ಒಬ್ಬರಿಗೆ ಮೊದಲ ಸುತ್ತಿನಲ್ಲೇ 42 ಬಂತು. ಹೆಚ್ಚುವರಿ 12 ಮತ ಚೀಟಿಯಲ್ಲಿ ಬರೆದ ಮುಂದಿನ ಪ್ರಾಶಸ್ತ್ಯದವರಿಗೆ ಹೋಗಬೇಕು. ಯಾವ 12? ಚುನಾವಣಾಧಿಕಾರಿ ಕಟ್ಟಿನ ಮೇಲಿಂದ 12 ಚೀಟಿ ಎತ್ತಿದರು. ಬೇಡ ಅಂದೆ, ಕೇಳಲಿಲ್ಲ. ಏಜೆಂಟರು ಗಲಾಟೆ ಮಾಡಿ ಮರುಎಣಿಕೆ ಮಾಡಿಸಿದರು. ಅಷ್ಟರಲ್ಲಿ ಕಟ್ಟು ಕಲೆಸಿ ಹೋಗಿತ್ತು. ಬೇರೆ 12 ಚೀಟಿ ಬಂದವು, 3ನೇ ಸ್ಥಾನಕ್ಕೆ ಬೇರೆ ಮನುಷ್ಯ ಗೆದ್ದ! ಸೋತವರು ಇವತ್ತಿಗೂ ನನ್ನ ಮುಖ ನೋಡುವುದಿಲ್ಲ.

ಭಿನ್ನರಾಶಿ: ಚೀಟಿ ಯಾಕ್ರೀ ಎತ್ತಬೇಕು? 42 ಚೀಟಿಯನ್ನೂ ನೋಡಬೇಕು. ಅದರಲ್ಲಿ 30ಕ್ಕೆ ಮಾತ್ರ ಮುಂದಿನ ಪ್ರಾಶಸ್ತ್ಯ ಇದೆ ಅಂದುಕೊಳ್ಳಿ. 12 ಭಾಗಿಸು 30, ಒಂದೊಂದಕ್ಕೆ 0.4. ಒಂದು ಮತವೂ ಪೋಲಾಗಲ್ಲ. ನಾವು ಹೀಗೇ ಎಣಿಸಿದ್ದು, ಒಬ್ಬರೂ ತಕರಾರು ಎತ್ತಲಿಲ್ಲ.

ಐದು ದಶಾಂಶ: ತಕರಾರು ಎತ್ತಲಿಲ್ಲ ಅಂದರೆ ಯಾರಿಗೂ ಅರ್ಥ ಆಗಲಿಲ್ಲ ಅಂತಲೂ ಇರಬಹುದು. ಸ್ಕಾಟ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ 42ರಿಂದಲೇ ಭಾಗಿಸುತ್ತಾರೆ, 0.28571. ಮುಂದಿನ ಹೆಸರು ಬರೆಯದವರ ಪಾಲು ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ಲೆಕ್ಕದಲ್ಲಿ ಬರೆದವರ ಚೀಟಿ ಸುಮ್ನೆ ಉಬ್ಬುತ್ತದೆ.

ಭಿನ್ನರಾಶಿ: ಉಬ್ಬುವುದಾ? ನಿಮ್ಮ ಲೆಕ್ಕದಲ್ಲಿ 12ರಲ್ಲಿ ಸುಮಾರು ಮೂರೂವರೆ ಮತ ಗಾಳಿಗೆ ಹೋಯಿತು. ಅದು ನ್ಯಾಯವಾ?

ನಿವೃತ್ತ ಗುಮಾಸ್ತ: ಇಬ್ಬರೂ ದಶಾಂಶ ಬಿಡಿ. ರಾಜ್ಯಸಭೆ ಎಣಿಕೆಯಲ್ಲಿ ಒಂದು ಮತಪತ್ರದ ಮೌಲ್ಯವೇ 100. 119 ಅಂದರೆ 11900, ಕೋಟಾ 2976. 4200ರಲ್ಲಿ ಹೆಚ್ಚುವರಿ 1224, 30 ಚೀಟಿಗೆ ಹಂಚಿದರೆ ತಲಾ 40. ಉಳಿದ 24 ಬಿಟ್ಟುಬಿಡುವುದು. ಕಾಗದ, ಪೆನ್ಸಿಲ್ ಸಾಕು. ನಮ್ಮ ಪಟ್ಟಿಯನ್ನು ಲೆಕ್ಕಪರಿಶೋಧಕರು ನೋಡಿ ಟಿಕ್ ಹಾಕಿ ಕೊಟ್ಟರು.

ಸೋತ ಬಣ: ನಿಮಗೆಲ್ಲ ದಶಾಂಶದ ಜಗಳ. ನಮ್ಮಲ್ಲಿ ಮೊದಲ ಸ್ಥಾನ ತುಂಬಿದ ಮೇಲೆ, ಗೆದ್ದವರ ಹೆಸರು ತೆಗೆದು, ಅವೇ ಚೀಟಿಗಳನ್ನು ಪೂರ್ಣ ಮೌಲ್ಯದಲ್ಲಿ ಮತ್ತೆ ಎಣಿಸಿದರು. ಮೂರನೇ ಸ್ಥಾನಕ್ಕೂ ಹಾಗೇ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದ್ದ ಬಣ ಮೂರನ್ನೂ ಬಾಚಿಕೊಂಡಿತು. ಆಸ್ಟ್ರೇಲಿಯಾದ ಸೆನೆಟ್‌ನಲ್ಲೂ ಹಿಂದೆ ಹೆಚ್ಚುಕಡಿಮೆ ಇದೇ ರೋಗ. 1946ರ ಚುನಾವಣೆಯ ನಂತರ 36ರಲ್ಲಿ 33 ಸ್ಥಾನ ಒಂದೇ ಪಕ್ಷದ್ದು. 1949ರಲ್ಲಿ ಕೋಟಾ ಪದ್ಧತಿಗೆ ಬಂದರು. ನಮ್ಮವರಿಗೆ ಹೇಳಿದರೆ 'ನಿಯಮದಲ್ಲಿ ಹಾಗೆ ಬರೆದಿಲ್ಲ' ಅಂದರು.

ಗೆದ್ದ ಬಣ: ಬಹುಮತ ಇದ್ದವರು ಗೆದ್ದರೆ ಅದು ರೋಗವಾ? ಸೋತ ಮೇಲೆ ಎಲ್ಲರಿಗೂ ಪದ್ಧತಿ ಸರಿ ಇರುವುದಿಲ್ಲ.

ಸೋತ ಬಣ: 100ರಲ್ಲಿ 52 ಜನಕ್ಕೆ ಮೂರೂ ಸ್ಥಾನ, 48 ಜನಕ್ಕೆ ಸೊನ್ನೆ. ಹಾಗಾದರೆ ಪ್ರಾಶಸ್ತ್ಯ ಬರೆಸಿದ್ದು ಯಾಕೆ, ಅಂದಕ್ಕಾ?

ಪ್ರಶ್ನೆ ಕೇಳಿದವರು: ಕಂಪ್ಯೂಟರ್ ವಿಷಯ ಯಾರಾದರೂ...

ಡೇಟಾ ಎಂಟ್ರಿ: ನಾವು ಅದರಲ್ಲೇ ಎಣಿಸಿದ್ದು. ನ್ಯೂಜಿಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿ ಬಳಸುವ ಮೀಕ್ ಎಂಬ ಎಣಿಕೆ ಪದ್ಧತಿ, ಪ್ರತಿ ಸುತ್ತಿನಲ್ಲೂ ಕೋಟಾ ಹೊಸದಾಗಿ ಲೆಕ್ಕ ಆಗುತ್ತದೆ, ಕೈಯಲ್ಲಿ ಆಗುವ ಮಾತಲ್ಲ. ಎಣಿಕೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯಿತು. ಟೈಪ್ ಮಾಡಿ ತಾಳೆ ನೋಡುವುದರಲ್ಲಿ ರಾತ್ರಿ ಆಯಿತು. ಬಾಲ ಬಿಟ್ಟ 1 ಎಲ್ಲ 7 ಆಗಿ ಕೂತಿತ್ತು. ಇಬ್ಬರು ಬೇರೆಬೇರೆಯಾಗಿ ಟೈಪ್ ಮಾಡಿದ್ದಕ್ಕೆ ಸಿಕ್ಕಿಬಿತ್ತು.

ಹಳೇ ಕಾರ್ಯದರ್ಶಿ: ಮೊದಲ ಸುತ್ತಿನ ಕೋಟಾ ಬೋರ್ಡಿನಲ್ಲಿ ಬರೆದ ಮೇಲೆ ಬದಲಾಯಿಸಿದರೆ ನಮ್ಮ ಏಜೆಂಟರು ಬೋರ್ಡನ್ನೇ ಒಡೆಯುತ್ತಾರೆ.

ಡೇಟಾ ಎಂಟ್ರಿ: ಕಟ್ಟಿನ ಮೇಲಿಂದ 12 ಎತ್ತಿದವರು ಇದನ್ನು ಹೇಳುತ್ತಿದ್ದೀರಾ?

ಹಳೇ ಕಾರ್ಯದರ್ಶಿ: ನಾನು ಎತ್ತಿಲ್ಲ ಸ್ವಾಮಿ, ಮೇಲೆ ಸರಿಯಾಗಿ ಓದಿ.

ನಿವೃತ್ತ ಗುಮಾಸ್ತ: ಅದಿರಲಿ, ಅತಿ ಕಡಿಮೆ ಮತದವರನ್ನು ಕಣದಿಂದ ತೆಗೆಯುವಾಗ ಕೊನೆಯಲ್ಲಿ ಇಬ್ಬರಿಗೆ ಸಮ ಬಂದರೆ ಯಾರನ್ನು ತೆಗೆಯುತ್ತೀರಿ? ಮೊದಲ ಪ್ರಾಶಸ್ತ್ಯ ಕಡಿಮೆ ಇದ್ದವರನ್ನೇ ತೆಗೆಯಬೇಕು.

ಐದು ದಶಾಂಶ: ಯಾಕೆ? ಹಿಂದಿನ ಸುತ್ತಿನ ಮತ ನೋಡಬೇಕು. ಅಲ್ಲೂ ಸಮ ಇದ್ದರೆ ಅದರ ಹಿಂದಿನದು. ಕೊನೆಗೂ ಆಗದಿದ್ದರೆ ಚೀಟಿ ಎತ್ತುವುದು.

ಭಿನ್ನರಾಶಿ: ಈಗ ಚೀಟಿ ಎತ್ತಬಹುದಾ?