ಅಮ್ಮನಿಗೆ ಗ್ಲುಟಮಿನ್ ಪುಡಿ ತರಿಸಲಾ?

ಮೂಡಿಗೆರೆ ಮಗಳು: ಅಮ್ಮನಿಗೆ 58. ಕಾಫಿ ಕೊಯ್ಲು ಮುಗಿದಾಗಿನಿಂದ ಹೊಟ್ಟೆ ಸರಿ ಇಲ್ಲ. ಉಬ್ಬರ, ಉರಿ, ದಿನಕ್ಕೆ ನಾಲ್ಕು ಸಲ ಭೇದಿ. ಅಕ್ಕಿ ರೊಟ್ಟಿ ಅಂದ್ರೆ ಪ್ರಾಣ ಬಿಡುತ್ತಿದ್ದವರು ಈಗ ಅರ್ಧಕ್ಕೇ ತಟ್ಟೆ ಸರಿಸುತ್ತಾರೆ. ಪರಿಚಯದವರೊಬ್ಬರು "ಕರುಳಿನ ಗೋಡೆ ಸೋರುತ್ತಿದೆ, ಗ್ಲುಟಮಿನ್ (ಪ್ರೋಟೀನಿನ ಒಂದು ಘಟಕ), ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ), ಜಿಂಕ್ ಮೂರೂ ಕೊಡು" ಎಂದರು. ತಿಂಗಳಿಗೆ 4,200 ರೂಪಾಯಿ ಆಗುತ್ತದೆ. ವಾಸಿಯಾಗುವುದಾದರೆ ಸಾಲ ಮಾಡಿಯಾದರೂ ತರಿಸುತ್ತೇನೆ. ಯಾರಾದರೂ ಕೊಟ್ಟು ನೋಡಿದ್ದೀರಾ?

ಹಾಸನದ ಫಾರ್ಮಸಿಸ್ಟ್: ಮೊದಲು ಒಂದು ವಿಷಯ ಹೇಳಿ ತಂಗಿ. ಅಮ್ಮ ನೋವಿನ ಮಾತ್ರೆ ನುಂಗುತ್ತಾರಾ?

ಮೂಡಿಗೆರೆ ಮಗಳು: ಹೌದಣ್ಣ. ಮಂಡಿ ನೋವಿಗೆ ಡೈಕ್ಲೋಫೆನಾಕ್. ಕೊಯ್ಲಿನಲ್ಲಿ ಶುರು ಮಾಡಿದ್ದು, ಈಗಲೂ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ ಜೊತೆ. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಟ್ಟಿದ್ದು.

ಹಾಸನದ ಫಾರ್ಮಸಿಸ್ಟ್: ನನಗೆ ಅದರ ಮೇಲೇ ಅನುಮಾನ. ಕರುಳಿನ ಒಳಪದರ ಒಂದೇ ಒಂದು ಸಾಲು ಜೀವಕೋಶ. ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತದೆ. ಅದನ್ನು ಕಾಯಲು ಮೈಯೇ ತಯಾರಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನೇ ಈ ಮಾತ್ರೆ ತಗ್ಗಿಸುತ್ತದೆ. ಜಠರಕ್ಕಷ್ಟೇ ಅಲ್ಲ, ಸಣ್ಣ ಕರುಳಿಗೂ ಹುಣ್ಣಾಗಬಹುದು. ದಿನಾ ಅದನ್ನು ನುಂಗುತ್ತಾ ಮೇಲೆ ಪುಡಿ ಹಾಕಿದರೆ ಏನು ಬಂತು?

ಗ್ಲುಟಮಿನ್ ಸುಳ್ಳು ಅಂತ ನಾನು ಹೇಳುವುದಿಲ್ಲ. ಸಣ್ಣ ಕರುಳಿನ ಜೀವಕೋಶಕ್ಕೆ ಅದು ಆಹಾರವೇ. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ ದಿನಕ್ಕೆ ಮೂರು ಸಲ 5 ಗ್ರಾಂನಂತೆ 8 ವಾರ ಕೊಟ್ಟಾಗ ಬಹಳ ಜನರಿಗೆ ಗುಣ ಕಂಡಿತ್ತು. ಆದರೆ ಅವರೆಲ್ಲ ಸೋಂಕಿನ ನಂತರ ಭೇದಿ ನಿಲ್ಲದವರು, ಕರುಳಿನ ಸೋರಿಕೆಯೂ ಪರೀಕ್ಷೆಯಲ್ಲಿ ಕಂಡವರು. ಅಮ್ಮನ ಕಥೆ ಬೇರೆ ಅಲ್ವಾ? ಜಿಂಕ್ ಮಾತ್ರೆ ಮಕ್ಕಳ ಭೇದಿಗೆ ಒಆರ್‌ಎಸ್ ಜೊತೆ ಕೊಡುತ್ತಾರೆ. ದೊಡ್ಡವರು ಸುಮ್ನೆ ತಿಂಗಳುಗಟ್ಟಲೆ ನುಂಗಿದರೆ ಮೈಯಲ್ಲಿ ತಾಮ್ರ ಕಡಿಮೆಯಾಗಬಹುದು.

ಡಾಕ್ಟರಿಗೆ ಮಾತ್ರೆಯ ಪಟ್ಟಿಯನ್ನೇ ತೋರಿಸಿ. ಮಲ ಡಾಂಬರಿನ ಹಾಗೆ ಕಪ್ಪಗಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು, ಒಂದು ದಿನವೂ ಕಾಯಬೇಡಿ.

ಬೇಲೂರಿನವಳು: ನಮ್ಮತ್ತೆಗೂ ಹೀಗೇ ಆಗಿತ್ತು. ಡಾಕ್ಟರು ಮಾತ್ರೆ ಬದಲಿಸಿ, ಮಂಡಿಗೆ ಹಚ್ಚುವ ಜೆಲ್ ಕೊಟ್ಟರು. ಒಂದಷ್ಟು ದಿನ ಮೆತ್ತಗಿನ ಗಂಜಿ, ಆಮೇಲೆ ಹೊಟ್ಟೆ ಒಪ್ಪಿದಷ್ಟು ಸೊಪ್ಪು, ಕಾಳು. ನಾರು ದೊಡ್ಡ ಕರುಳಲ್ಲಿ ಹುಳಿತು ಬ್ಯುಟಿರೇಟ್ ಅನ್ನೋ ಕೊಬ್ಬಿನಾಮ್ಲ ಆಗುತ್ತದಂತೆ, ಅಲ್ಲಿನ ಜೀವಕೋಶಕ್ಕೆ ಅದೇ ಊಟವಂತೆ. ಪುಡಿ ಗಿಡಿ ಏನೂ ತರಿಸಲಿಲ್ಲ.

ಮೂಡಿಗೆರೆ ಮಗಳು: ಅಮ್ಮನನ್ನು ಈಗ ಕೇಳಿದೆ. ಮೂರು ದಿನದಿಂದ ಕಪ್ಪಗೇ ಹೋಗುತ್ತಿದೆಯಂತೆ, ನಾಚಿಕೆಗೆ ಹೇಳಿರಲಿಲ್ಲ. ತಮ್ಮ ಜೀಪು ತೆಗೆದ. ಚಿಕ್ಕಮಗಳೂರಿಗೆ ಹೊರಟೆವು ಅಣ್ಣ.