ಹಳೆಯ ನಾಟಿ ಕೋಳಿಗಳು ಹೊಸ ಗಿರಿರಾಜ ಹೇಂಟೆಗಳನ್ನು ರಕ್ತ ಬರುವಂತೆ ಕುಕ್ಕುತ್ತಿವೆ

ಸಾಗರದ ಹಿತ್ತಿಲು:
ನಮ್ಮಲ್ಲಿ ಮೊದಲಿನಿಂದ ಎಂಟು ನಾಟಿ ಹೇಂಟೆಗಳೂ ಒಂದು ಹುಂಜವೂ ಇದ್ದು, ಮಳೆಗಾಲಕ್ಕೆ ಸ್ವಲ್ಪ ಮೊದಲು ಮೂರು ತಿಂಗಳ ಮೂರು ಗಿರಿರಾಜ ಹೇಂಟೆಗಳನ್ನು ತಂದು ಅದೇ ಗೂಡಿಗೆ ಬಿಟ್ಟಿದ್ದೇವೆ. ಈಗ ಮಳೆ ಬಿಡದೆ ಸುರಿಯುತ್ತಿರುವುದರಿಂದ ಹನ್ನೆರಡೂ ಕೋಳಿಗಳು ಹಗಲೆಲ್ಲ ಆರು ಅಡಿ ಉದ್ದ, ಐದು ಅಡಿ ಅಗಲದ ಗೂಡಿನಲ್ಲೇ ಇರುತ್ತವೆ. ಕಂದು ಬಣ್ಣದ ಹಳೆಯ ಹೇಂಟೆಯೊಂದು ಹೊಸಬರನ್ನು ಮೇವಿನ ಹತ್ತಿರ ಸುಳಿಯಲು ಬಿಡುತ್ತಿಲ್ಲ; ಒಂದರ ಬಾಲದ ಬುಡದಲ್ಲಿ ಪುಕ್ಕವೆಲ್ಲ ಹೋಗಿ ಗಾಯವಾಗಿದೆ. ನುಚ್ಚಕ್ಕಿ, ಮೆಕ್ಕೆಜೋಳ ಮತ್ತು ಅಡುಗೆಮನೆಯಲ್ಲಿ ಉಳಿದದ್ದನ್ನು ಹಾಕುತ್ತೇವೆ. ಕೊಕ್ಕಿನ ತುದಿ ಕತ್ತರಿಸಿದರೆ ಸರಿಹೋಗುತ್ತದೆ ಎಂದು ನೆರೆಯವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ನಿವೃತ್ತ ಪಶುವೈದ್ಯ, ಹಾಸನ:
ಮೊದಲು ಗಾಯವಾದ ಕೋಳಿಯನ್ನು ಇಂದೇ ಬೇರೆ ಇಡಿ. ರಕ್ತ ಕಂಡರೆ ಅಲ್ಲಿಯವರೆಗೆ ಸುಮ್ಮನಿದ್ದ ಕೋಳಿಗಳೂ ಕುಕ್ಕಲು ಸೇರಿಕೊಳ್ಳುತ್ತವೆ, ಒಂದೇ ದಿನದಲ್ಲಿ ಕೊಂದುಹಾಕಿದರೂ ಆಶ್ಚರ್ಯವಿಲ್ಲ. ಗಾಯವನ್ನು ತೊಳೆದು, ನೀರು ಬೆರೆಸಿದ ಪೊವಿಡೋನ್ ಅಯೋಡಿನ್ (ಗಾಯ ಕೀವಾಗದಂತೆ ಹಚ್ಚುವ ಔಷಧಿ) ಹಚ್ಚಿ, ನೊಣ ಕೂರದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಗಾಯಕ್ಕೆ ಹುಳು ಬೀಳುವುದು ಬಹಳ ಬೇಗ. ಚರ್ಮ ಪೂರ್ತಿ ಕೂಡುವವರೆಗೆ ಹಿಂಡಿಗೆ ಬಿಡಬೇಡಿ.

ಇನ್ನು ಕಾರಣಕ್ಕೆ ಬರೋಣ. ನಿಮ್ಮ ಗೂಡಿನಲ್ಲಿ ಕೋಳಿಯೊಂದಕ್ಕೆ ಸಿಗುವುದು ಎರಡೂವರೆ ಚದರ ಅಡಿ. ಹಗಲೂ ಒಳಗೇ ಇರುವುದಾದರೆ ಸುಮಾರು 4 ಚದರ ಅಡಿ ಬೇಕು. ಮೇವೂ ಸಾಲದು. ನುಚ್ಚು, ಜೋಳಗಳಲ್ಲಿ ಪ್ರೋಟೀನ್ ಶೇ. 8–9ರ ಆಸುಪಾಸಿನಲ್ಲಿದ್ದರೆ, ಮೊಟ್ಟೆ ಇಡುವ ಕೋಳಿಗೆ ಶೇ. 16ರಷ್ಟು ಬೇಕಾಗುತ್ತದೆ, ಹೊರಗೆ ಹುಳುಹುಪ್ಪಟೆ ಹೆಕ್ಕುವಾಗ ತುಂಬಿಕೊಳ್ಳುತ್ತಿದ್ದ ಈ ಕೊರತೆ ಮಳೆಯಲ್ಲಿ ಹಾಗೆಯೇ ಉಳಿಯುತ್ತದೆ. ಪುಕ್ಕದ ಬಹುಪಾಲು ಪ್ರೋಟೀನೇ ಆದ್ದರಿಂದ ಕಿತ್ತ ಪುಕ್ಕವನ್ನು ಅವು ನುಂಗುತ್ತಿವೆಯೇ ಎಂದು ಗಮನಿಸಿ. ಬೂಷ್ಟು ಹಿಡಿಯದ ಶೇಂಗಾ ಹಿಂಡಿಯನ್ನು ಸ್ವಲ್ಪ ಸೇರಿಸಿ, ಇಲ್ಲವೇ ಬೆಳೆಯುವ ಕೋಳಿಗಳ ಗ್ರೋವರ್ ಮೇವನ್ನೇ ಎಲ್ಲಕ್ಕೂ ಹಾಕಿ, ಮೊಟ್ಟೆ ಇಡುವವುಗಳಿಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಡಿ. ಮೊಟ್ಟೆ ಇಡುವ ಕೋಳಿಗಳಿಗೆಂದೇ ಸಿಗುವ ಲೇಯರ್ ಮೇವಿನ ಸುಣ್ಣದಂಶ ಮೂರು ತಿಂಗಳ ಹೇಂಟೆಗೆ ಹೆಚ್ಚಾಗುತ್ತದೆ.

ಕೊಕ್ಕನ್ನು ಮುಟ್ಟಬೇಡಿ. ಅದರಲ್ಲಿ ನರಗಳಿವೆ, ಕತ್ತರಿಸಿದರೆ ನೋವಾಗುತ್ತದೆ. ಕೆದಕಿ ತಿನ್ನುವ ಹಿತ್ತಿಲ ಕೋಳಿಗೆ ಕೊಕ್ಕೇ ಜೀವನೋಪಾಯ.

ತುಮಕೂರಿನ ಕೋಳಿ ಸಾಕಣೆಗಾರ:
ವೈದ್ಯರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಪೆಟ್ಟು ತಿಂದದ್ದನ್ನು ಮಾತ್ರ ಬೇರೆ ಮಾಡಿದರೆ ಕಂದು ಹೇಂಟೆ ಉಳಿದೆರಡರ ಮೇಲೆ ತಿರುಗುತ್ತದೆ, ಆದ್ದರಿಂದ ಅದನ್ನೂ ನಾಲ್ಕೈದು ದಿನ ಕಣ್ಣಿಗೆ ಕಾಣದ ಜಾಗದಲ್ಲಿಡಿ. ಹಿಂದಿರುಗುವ ಹೊತ್ತಿಗೆ ಅದರ ಸ್ಥಾನ ಬೇರೆಯವರ ಪಾಲಾಗಿರುತ್ತದೆ. ಕೋಳಿಗಳಲ್ಲಿ ಇಂಥ ಮೇಲು-ಕೀಳಿನ ಶ್ರೇಣಿ ಇರುವುದನ್ನು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡೆರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ಬರೆದಿಟ್ಟಿದ್ದಾರೆ. ತಲೆಯ ಮೇಲೊಂದು ಕುಕ್ಕು ಕೊಟ್ಟು ಬಿಟ್ಟರೆ ಅದು ಶ್ರೇಣಿಯ ಲೆಕ್ಕ, ಸುಮ್ಮನಿರಿ. ಅಟ್ಟಿಸಿಕೊಂಡು ಹೋಗಿ ಬಾಲದ ಬುಡವನ್ನೋ ಗುದದ್ವಾರವನ್ನೋ ಕುಕ್ಕಿದರೆ ತಡೆಯಲೇಬೇಕು. ಮೇವಿನ ಬಟ್ಟಲು ಎರಡಿರಲಿ, ಒಂದೇ ಕೋಳಿ ಎರಡನ್ನೂ ಕಾಯಲಾಗದಷ್ಟು ದೂರವಿರಲಿ. ರಾತ್ರಿ ಟಾರ್ಚ್ ಹಿಡಿದು ಅವು ಕೂರುವ ಕೋಲಿನ ಅಡಿಯಲ್ಲಿ ರಕ್ತ ಹೀರುವ ಸಣ್ಣ ಕೆಂಪು ಉಣ್ಣಿಗಳಿವೆಯೇ ನೋಡಿ, ಅವುಗಳ ಕಾಟವಿದ್ದರೂ ಕೋಳಿಗಳು ನೆಮ್ಮದಿಯಾಗಿರುವುದಿಲ್ಲ.

ಸಾಗರದ ಹಿತ್ತಿಲು:
ಇಬ್ಬರಿಗೂ ಧನ್ಯವಾದಗಳು. ಎರಡನ್ನೂ ಬೇರೆ ಇಟ್ಟಿದ್ದೇವೆ. ಈಗ ಕಪ್ಪು ಹೇಂಟೆಯೊಂದು ಮೇಲೇರಲು ನೋಡುತ್ತಿದೆ, ಆದರೆ ಕುಕ್ಕುವುದು ತಲೆಗೆ ಮಾತ್ರ. ಕಂದು ಹೇಂಟೆಯನ್ನು ಮರಳಿ ಬಿಡುವುದು ಹೇಗೆ?

ತುಮಕೂರಿನ ಕೋಳಿ ಸಾಕಣೆಗಾರ:
ಕಪ್ಪು ಹೇಂಟೆಯ ಗೋಜಿಗೆ ಹೋಗಬೇಡಿ. ಮೊದಲು ಗೂಡಿಗೆ ತಾಗಿದಂತೆ ಟಾರ್ಪಾಲಿನ್ ಹೊದಿಸಿ, ಬಲೆ ಕಟ್ಟಿ ಜಾಗ ಹೆಚ್ಚಿಸಿ. ಕೊಕ್ಕಿಗೆ ಕೆಲಸ ಸಿಗುವಂತೆ ಹರಿವೆ ಅಥವಾ ನುಗ್ಗೆ ಸೊಪ್ಪಿನ ಕಟ್ಟನ್ನು ಅವುಗಳ ಕತ್ತಿನ ಎತ್ತರಕ್ಕೆ ತೂಗುಬಿಡಿ. ಗಾಯದ ಹೇಂಟೆ ವಾಸಿಯಾದ ಮೇಲೆ ಅದನ್ನು ಮೊದಲು ಸೇರಿಸಿ, ಕಂದು ಹೇಂಟೆಯನ್ನು ಕೊನೆಗೆ, ಎಲ್ಲವೂ ಕೋಲೇರಿ ಮಲಗಿದ ಮೇಲೆ ಕತ್ತಲಲ್ಲಿ ಬಿಡಿ. ಮತ್ತೆ ರಕ್ತ ಬರಿಸಿದರೆ ಬೇರೆಯವರಿಗೆ ಕೊಡುವುದೋ ಸಾರಿಗೆ ಹಾಕುವುದೋ ನಿಮ್ಮ ಮನೆಯವರ ತೀರ್ಮಾನ.